ಕೆಸರಿನ ಪಕ್ಕದ ಬಿಡಾರ

ಮೂಡಿಗೆರೆಯಿಂದ ಕಮಾನುಗಾಡಿ ಕಟ್ಟಿಕೊಂಡು ಹೊರಟ ನಾವು, ಗಂಡ ಹೆಂಡತಿ, ಇಂದು ಸಂಜೆ ಕಡೂರಿನ ಬಯಲು ಸೇರಿದೆವು. ಗಾಡಿ ಎಲ್ಲಿ ಬಿಡಬೇಕೆಂದು ಗೊತ್ತುಮಾಡುವವನು ನಾನೇ. ಶಾಲೆ ಬೇಗ ಬಿಟ್ಟವನಾದರೂ, ನಮ್ಮ ಘಟ್ಟದ ದಾರಿಯಲ್ಲಿ ನಾನು ಆರಿಸಿದ ಜಾಗದಲ್ಲಿ ಯಾರ ಹಾಸಿಗೆಯೂ ಒದ್ದೆಯಾದದ್ದಿಲ್ಲ.

ದಾರಿಯ ತಗ್ಗಿನಲ್ಲೊಂದು ಕಡೆ ಕೆಸರು ಕಂಡಿತು. ಗಾಡಿ ಮುಂದೆ ಹೊಡೆದು, ಎತ್ತರದ ಒಣನೆಲ ನೋಡಿ ಎತ್ತು ಬಿಚ್ಚಿದೆ.

"ಕಾಲಿಗೆ ಹತ್ತಿ ರಕ್ತ ಹೀರೋ ಇಂಬಳದ ಭಯ ಇಲ್ಲ. ಹೆಂಗಿದೆ ಜಾಗ?" ಎಂದು ಹೆಂಡತಿಯನ್ನು ಕೇಳಿದೆ.

"ಜಾಗ ಚೆಂದ ಉಂಟು. ಎತ್ತಿಗೆ ನೀರೆಲ್ಲಿ?"

ನಮ್ಮ ಕಡೆ ನೀರನ್ನು ಯಾರೂ ಹುಡುಕುವುದಿಲ್ಲ, ಅದೇ ನಮ್ಮನ್ನು ಹುಡುಕಿಕೊಂಡು ಬರುತ್ತದೆ. ಬೆಳಗಿನಿಂದ ನೀರು ಕಾಣದ ಎತ್ತುಗಳು ನಾಲಿಗೆ ಚಾಚಿ ನಿಂತಿದ್ದವು.

ಕುರಿ ಹೊಡೆದುಕೊಂಡು ಬಂದ ಅಜ್ಜನೊಬ್ಬನನ್ನು ವಿಚಾರಿಸಿದೆ.

"ಬರ್ತಾ ಕೆಸರು ಕಾಣ್ಲಿಲ್ವೇನಪ್ಪಾ?"

"ಕಂಡಿತು. ಅದಕ್ಕೇ ಮುಂದೆ ಬಂದೆ."

"ಕೆಸರು ಕಂಡು ಮುಂದೆ ಬಂದ್ಯಾ! ಬಾವಿ ತೊಟ್ಟಿ ತುಳುಕಿ ಆಗಿರೋ ಕೆಸರು ಕಣಯ್ಯ ಅದು. ನಾವು ಅಂಥ ಕೆಸರು ಹುಡುಕ್ಕೊಂಡೇ ಕುರಿ ಹೊಡ್ಕೊಂಡು ಹೋಗೋದು!" ಅಜ್ಜ ಕೋಲೂರಿ ನಿಂತು ನಕ್ಕ. ಹೆಂಡತಿಯೂ ನಕ್ಕಳು. ನಾನು ಮತ್ತೆ ಎತ್ತು ಹೂಡಿ ಗಾಡಿ ತಿರುಗಿಸಿದೆ.

ಈಗ ಎತ್ತುಗಳು ಕೆಸರಿನ ಪಕ್ಕದ ತೊಟ್ಟಿಯಿಂದ ಮೂತಿ ಎತ್ತದೆ ಕುಡಿಯುತ್ತಿವೆ. ಈ ಜಾಗವನ್ನು ಮೊದಲು ಕಂಡವನು ನಾನೇ ಎಂದು ಹೆಂಡತಿಗೆ ನೆನಪು ಮಾಡಿದೆ. ಅವಳು ನನ್ನ ಕಾಲು ನೋಡಿದಳು. ಘಟ್ಟದ ಅಭ್ಯಾಸಬಲದಿಂದ ನಾನು ಬೆರಳ ಸಂದಿಯಲ್ಲಿ ಇಂಬಳ ಹುಡುಕುತ್ತಿದ್ದೆ.

"ಸಿಕ್ಕಿದ್ರೆ ಆ ಅಜ್ಜನಿಗೆ ತೋರಿಸಿ ಮಾರಾಯ್ರೇ," ಎಂದಳು. "ಪಾಪ, ಅವ್ರು ಕಂಡಿರ್ಲಿಕ್ಕಿಲ್ಲ."