ಬೇಸರ ಕೇಳುತ್ತಿದ್ದ ಅಕ್ಕೋರು

ಶಿಕಾರಿಪುರದಲ್ಲಿ ಬಸ್ಸು ಹತ್ತಿದಾಗ ಪಕ್ಕದ ಸೀಟಿನ ಹೆಂಗಸು ಕರ್ಚೀಫಿಗೆ ನೀಲಗಿರಿ ಎಣ್ಣೆ ಹಾಕಿಕೊಂಡು ಮೂಗಿಗೆ ಹಿಡಿದಿದ್ದರು. ನೆಗಡಿ ಇರಬೇಕು. ಶಿರಾಳಕೊಪ್ಪ ದಾಟುವವರೆಗೂ ಆ ವಾಸನೆ ನನ್ನ ಜೊತೆಗೇ ಬಂತು. ಹತ್ತನೇ ಕ್ಲಾಸಿನಲ್ಲಿ ನಮಗೆ ಗಣಿತ ಕಲಿಸಿದ ಅಕ್ಕೋರ ಮೇಜಿನ ಹತ್ತಿರ ಇದೇ ವಾಸನೆ ಇರುತ್ತಿತ್ತು. ಅಥವಾ ಇರುತ್ತಿತ್ತು ಎಂದು ಆ ಬಸ್ಸಿನಲ್ಲಿ ನನಗೆ ಅನ್ನಿಸಿತು... ಎರಡೂ ಒಂದೇ ಅಲ್ಲ. ಯೂನಿವರ್ಸಿಟಿಯಲ್ಲಿ ಮನಶ್ಶಾಸ್ತ್ರ ಓದಿದವನು ನಾನು. ನೆನಪು ಪೆಟ್ಟಿಗೆಯಿಂದ ತೆಗೆಯುವ ವಸ್ತುವಲ್ಲ, ಪ್ರತಿ ಸಲವೂ ಹೊಸದಾಗಿ ಕಟ್ಟಿಕೊಳ್ಳುವ ಗುಡಿಸಲು ಎಂದು ಪರೀಕ್ಷೆಯಲ್ಲಿ ಬರೆದು ಮಾರ್ಕ್ಸ್ ತೆಗೆದುಕೊಂಡವನು. ಆದರೂ ಆ ಅಕ್ಕೋರು ನನಗೆ ಹೇಳಿದ ಒಂದು ಮಾತನ್ನು ಮಾತ್ರ ಈ ಅನುಮಾನದಿಂದ ಹೊರಗಿಟ್ಟಿದ್ದೆ. ಅದನ್ನು ನಂಬಿಕೊಂಡೇ ಇಷ್ಟು ವರ್ಷ ಬದುಕಿದ್ದೆ.

ನಾನು ಹೊರಟಿದ್ದು ಆನವಟ್ಟಿಗೆ. ಅಲ್ಲಿಯ ಒಂದು ಹೈಸ್ಕೂಲಿನಲ್ಲಿ ಹತ್ತನೇ ಕ್ಲಾಸಿನ ಮಕ್ಕಳಿಗೆ ‘ಮುಂದೇನು’ ಎಂಬ ಬಗ್ಗೆ ಮಾತಾಡಲು ಕರೆದಿದ್ದರು. ಅಕ್ಕೋರ ಆ ಮಾತನ್ನೇ ಅವರಿಗೆ ಹೇಳಬೇಕೆಂದುಕೊಂಡಿದ್ದೆ.

ನಾನು ಓದಿದ್ದು ಶಿರಾಳಕೊಪ್ಪದಲ್ಲಿ. ನಮ್ಮಪ್ಪನ ಬೀಜ, ಗೊಬ್ಬರದ ಅಂಗಡಿಯೂ ಅಲ್ಲೇ ಇತ್ತು. ಎಸ್ಸೆಸ್ಸೆಲ್ಸಿ ಆದಮೇಲೆ ಏನು ಅನ್ನುವುದಕ್ಕೆ ಊರಿನಲ್ಲಿ ಸಿದ್ಧ ಉತ್ತರವಿತ್ತು. ಮಾರ್ಕ್ಸ್ ಚೆನ್ನಾಗಿ ಬಂದರೆ ಸೈನ್ಸ್, ಸುಮಾರಾದರೆ ಕಾಮರ್ಸ್, ಹೇಗೋ ದಡ ಮುಟ್ಟಿದರೆ ಆರ್ಟ್ಸ್, ಹುಡುಗಿಯಾದರೆ ಬಸ್ಸು ಸಿಗುವ ಕಾಲೇಜು. ಸೊರಬದ ಕಡೆಯಿಂದ ಬಂದಿದ್ದ ಅಕ್ಕೋರಿಗೆ ಈ ಉತ್ತರ ಹಿಡಿಸುತ್ತಿರಲಿಲ್ಲ. ಅವರು ತಮ್ಮದೇ ಒಂದು ಪದ್ಧತಿ ಮಾಡಿಕೊಂಡಿದ್ದರು. ಶನಿವಾರ ಬೆಳಗಿನ ಶಾಲೆ. ಅದು ಬಿಟ್ಟಮೇಲೆ ಊಟ ಮಾಡಿ, ನಾವು ಒಬ್ಬೊಬ್ಬರೂ ಯಾರಾದರೂ ಕೆಲಸ ಮಾಡುವವರ ಪಕ್ಕ ಹೋಗಿ ಸಂಜೆಯವರೆಗೆ ಕೂರಬೇಕು. ಪೋಸ್ಟಾಫೀಸು, ದನದ ಆಸ್ಪತ್ರೆ, ಟೈಲರ್ ಅಂಗಡಿ, ವಕೀಲರ ಮನೆ, ಮೋಟಾರ್ ರಿಪೇರಿ, ಎಲ್ಲಾದರೂ ಸರಿ. ಸೋಮವಾರ ಕ್ಲಾಸಿನಲ್ಲಿ ಎದ್ದು ನಿಂತು ನೋಡಿದ್ದನ್ನು ಹೇಳಬೇಕು. ಸಂಬಳ ಎಷ್ಟು, ಯಾವ ಡಿಗ್ರಿ ಬೇಕು ಎಂದೆಲ್ಲ ಅವರು ಕೇಳುತ್ತಿರಲಿಲ್ಲ. ಕೇಳುತ್ತಿದ್ದುದು ಒಂದೇ.

“ಆ ಕೆಲಸದಲ್ಲಿ ಬೇಸರ ಯಾವುದು?”

ಕೆಲಸದ ಚಂದ ದೂರದಿಂದಲೂ ಕಾಣುತ್ತದೆ, ಬೇಸರ ಕಾಣಬೇಕಾದರೆ ಪಕ್ಕದಲ್ಲೇ ಕೂರಬೇಕು. ಯಾವ ಬೇಸರವನ್ನು ನೀವು ತಡೆದುಕೊಳ್ಳಬಲ್ಲಿರೋ ಆ ಕಡೆಯ ಓದಿಗೆ ಹೋಗಿ. ಇದು ಅವರ ಲೆಕ್ಕ.

ಒಂದು ಸಂತೆಯ ದಿನ ಅಪ್ಪ ಅವರನ್ನು ಅಂಗಡಿಯ ಮುಂದೆಯೇ ನಿಲ್ಲಿಸಿಕೊಂಡ.

“ಅಕ್ಕೋರೆ, ಲೆಕ್ಕ ಕಲಿಸ್ರಿ ಅಂತ ಸಾಲಿಗೆ ಹಾಕಿದ್ರೆ ಹುಡುಗರನ್ನ ಬೇಸರ ಹುಡುಕಾಕೆ ಕಳಿಸ್ತೀರಂತಲ್ರೀ?”

“ನಿಮ್ಮಂಗಡಿಗೂ ಒಬ್ಬನ್ನ ಕಳಿಸ್ತೀನಿ ಯಜಮಾನ್ರೇ. ಒಂದು ಸ್ಟೂಲ್ ಹಾಕಿಡಿ.”

“ನನ್ನ ಅಂಗಡ್ಯಾಗೆ ಬೇಸರ ಎಲ್ಲೈತ್ರೀ?”

“ಅದನ್ನ ನಿಮ್ಮ ಮಗ ಹೇಳ್ಲಿ,” ಎಂದು ಅಕ್ಕೋರು ಸಂತೆಯ ಕಡೆ ಹೊರಟುಬಿಟ್ಟರು. ಅಪ್ಪ ನನ್ನ ಮುಖ ನೋಡಿದ. ನಾನು ಯೂರಿಯಾ ಚೀಲ ನೋಡಿದೆ.

ನನ್ನ ಮೊದಲ ಶನಿವಾರ ಸರ್ವೆಯವರ ಜೊತೆ ಕಳೆಯಿತು. ಊರಾಚೆ ಒಂದು ಹೊಲದ ಗಡಿ ಅಳೆದು ಗುರುತಿಸುವ ಹದ್ದುಬಸ್ತಿಗೆ ಬಂದಿದ್ದರು. ಅಣ್ಣತಮ್ಮಂದಿರಿಬ್ಬರು ಗಡಿಕಲ್ಲಿನ ಆಚೆ ಈಚೆ ನಿಂತು ಅಜ್ಜನ ಕಾಲದ ಬೈಗುಳ ತೆಗೆದರು. ಒಬ್ಬ ಕಲ್ಲಿನ ಮೇಲೆಯೇ ಕೂತು, “ನನ್ನನ್ನ ಕಿತ್ತು ಆಮೇಲೆ ಇದನ್ನ ಕೀಳ್ರಿ” ಎಂದ. ಸೋಮವಾರ ನಾನು ಇದನ್ನೆಲ್ಲ ಅಭಿನಯಿಸಿ ತೋರಿಸಿ, ಕೊನೆಗೆ ಈ ಕೆಲಸದಲ್ಲಿ ಬೇಸರವೇ ಇಲ್ಲ ಎಂದು ಘೋಷಿಸಿದೆ. ಕ್ಲಾಸೆಲ್ಲ ನಕ್ಕಿತು. ಅಕ್ಕೋರು ನಗಲಿಲ್ಲ.

“ಬೇಸರ ಕಾಣಲಿಲ್ಲ ಅಂದ್ರೆ ನೀನು ಕೆಲಸ ನೋಡಿಲ್ಲ ಮಾರಾಯ. ಜಗಳ ನೋಡಿ ಬಂದೀಯ.”

ಮುಂದಿನ ಶನಿವಾರ ಪೋಸ್ಟಾಫೀಸಿಗೆ ಹೋದೆ. ಅದರ ಮುಂದಿನದಕ್ಕೆ ಟೈಲರ್ ಹತ್ತಿರ. ಆಮೇಲೆ ಇನ್ನೆಲ್ಲೋ... ಎಲ್ಲ ಕಡೆಯೂ ಬೇಸರ ಕಂಡಿತು. ಎಲ್ಲೂ ಎರಡನೇ ಸಲ ಹೋಗಬೇಕು ಅನ್ನಿಸಲಿಲ್ಲ.

ನಮ್ಮ ಕ್ಲಾಸಿನ ರೇಣುಕಾ ಇದಕ್ಕೆ ತೀರ ಉಲ್ಟಾ. ತೊಗರ್ಸಿ ಕಡೆಯ ಕುರಿ ಸಾಕುವವರ ಮನೆಯ ಹುಡುಗಿ. ವರ್ಷವಿಡೀ ದನದ ಆಸ್ಪತ್ರೆಯೊಂದಕ್ಕೇ ಹೋದಳು. ಅಲ್ಲಿಯ ಬೇಸರ ಏನೆಂದು ಕೇಳಿದರೆ, “ದನ ತಂದೋರು ಸುಳ್ಳು ಹೇಳ್ತಾರ್ರೀ. ನಿನ್ನೆಯಿಂದ ಮೇವು ಬಿಟ್ಟೈತಿ ಅಂತಾರ, ನೋಡಿದ್ರೆ ವಾರ ಆಗಿರ್ತೈತಿ,” ಎಂದಳು.

“ಅದನ್ನ ತಡ್ಕೊಳ್ಳಕ್ಕೆ ಆಗ್ತದಾ ನಿಂಗೆ?”

“ಆಗ್ತೈತ್ರೀ. ನಮ್ಮಪ್ಪನೂ ಹಂಗೇ ಹೇಳದು.”

ಅವತ್ತು ಅಕ್ಕೋರು ನಕ್ಕಿದ್ದರು. ಕರ್ಚೀಫನ್ನು ಬಾಯಿಗೆ ಅಡ್ಡ ಹಿಡಿದು, ಭುಜ ಕುಣಿಸಿ. ಆ ನಗುವನ್ನು ನಾನೂ ಗಿಟ್ಟಿಸಬೇಕು ಎಂದು ಎಷ್ಟು ಸೋಮವಾರ ಎದ್ದು ನಿಂತೆನೋ. ಸಿಕ್ಕಿತೋ ಇಲ್ಲವೋ, ಈಗ ಖಚಿತವಾಗಿ ಹೇಳಲಾರೆ.

ಪ್ರಿಪರೇಟರಿ ಪರೀಕ್ಷೆ ಮುಗಿದ ಮೇಲೆ ಅಕ್ಕೋರು ನಮ್ಮನ್ನು ಒಬ್ಬೊಬ್ಬರನ್ನಾಗಿ ಶಾಲೆಯ ಜಗಲಿಗೆ ಕರೆದು, ಅಷ್ಟು ದಿನ ನಮ್ಮನ್ನು ನೋಡಿ ತಮಗೆ ಏನನ್ನಿಸಿದೆ ಎಂದು ಹೇಳಿದರು. ನನ್ನ ಸರದಿ ಬಂದಾಗ ಹೇಳಿದ ಮಾತು ಇದು: “ಯಾವ ಬೇಸರಾನೂ ನಿನ್ನ ಕೈಲಿ ತಡ್ಕೊಳ್ಳಕ್ಕೆ ಆಗಲ್ಲ ಮಾರಾಯ. ಇರ್ಲಿ, ಹುಡುಕ್ತಾ ಇರು.” ಆ ಜಗಲಿಯನ್ನು ನೆನೆದಾಗಲೆಲ್ಲ ಅವರ ಸೀರೆಯ ಬಣ್ಣ ಬದಲಾಗುತ್ತದೆ. ಕೆಲವು ಸಲ ಅವರು ಕೂತಿರುತ್ತಾರೆ, ಕೆಲವು ಸಲ ಕಂಬಕ್ಕೆ ಒರಗಿ ನಿಂತಿರುತ್ತಾರೆ. ಮಾತು ಮಾತ್ರ ಬದಲಾಗಿಲ್ಲ.

ಆ ಮಾತಿನ ಬಲದಿಂದ ನಾನು ಏನೇನು ಬಿಟ್ಟೆ! ಶಿಕಾರಿಪುರದಲ್ಲಿ ಸೈನ್ಸ್ ಸೇರಿ ಬಿಟ್ಟೆ. ಆರ್ಟ್ಸ್ ಓದಿ, ಎಂ.ಎ. ಮುಗಿಸಿ, ಒಂದು ಕಾಲೇಜಿನಲ್ಲಿ ಪಾಠ ಹೇಳಿ ಬಿಟ್ಟೆ. ಪತ್ರಿಕೆಯಲ್ಲಿದ್ದೆ, ಬಿಟ್ಟೆ. “ಕಾಲಿಗೆ ಚಕ್ರ ಕಟ್ಕಂಡು ಹುಟ್ಟೀಯೇನಲೇ?” ಎಂದು ಅಪ್ಪ ಸಾಯುವವರೆಗೂ ಕೇಳಿದ. ರಾಜೀನಾಮೆ ಕೊಟ್ಟು ಹೊರಬಂದ ಪ್ರತಿ ಸಲವೂ ಒಳಗೆಲ್ಲೋ ಅಕ್ಕೋರು, ‘ಇರ್ಲಿ’ ಅನ್ನುತ್ತಿದ್ದರು. ನನ್ನ ಅಸ್ಥಿರತೆಯನ್ನು ಬೈಯದೆ ಹೆಸರಿಟ್ಟು ಕರೆದವರು ಅವರೊಬ್ಬರೇ. ಹಾಗಾಗಿ ಅವರ ಮೇಲೆ ನನಗಿದ್ದದ್ದು ಬರೀ ಗೌರವವಲ್ಲ. ಊರು ಬಿಟ್ಟವನಿಗೆ ಊರಿನ ನೀರಿನ ಮೇಲೆ ಇರುತ್ತದಲ್ಲ, ಅಂಥ ಆಸೆ. ಯಾವ ಕೆಲಸದಿಂದ ಹೊರಬಂದರೂ ಒಂದು ಸೋಮವಾರ ಅವರೆದುರು ಎದ್ದು ನಿಂತು, ಅಲ್ಲಿಯ ಬೇಸರ ಇಂಥದ್ದು ಎಂದು ಹೇಳಬೇಕೆನ್ನಿಸುತ್ತಿತ್ತು. ಆಮೇಲೆ ಯಾರೂ ಅದನ್ನು ಕೇಳಲಿಲ್ಲ.

ಆನವಟ್ಟಿಯ ಮಕ್ಕಳಿಗೆ ಇಷ್ಟನ್ನೂ ಹೇಳಿದೆ. ‘ಹುಡುಕ್ತಾ ಇರು’ ಎಂದಾಗ ಮಕ್ಕಳು ಜೋರಾಗಿ ಚಪ್ಪಾಳೆ ತಟ್ಟಿದರು. ಅಂದು ಮಾತಾಡಲು ಕರೆದಿದ್ದ ಇನ್ನೊಬ್ಬರು ರೇಣುಕಾ. ಈಗ ಅಲ್ಲಿಯ ದನದ ಆಸ್ಪತ್ರೆಯಲ್ಲೇ ಡಾಕ್ಟರು. ಕಾರ್ಯಕ್ರಮ ಮುಗಿದ ಮೇಲೆ ಸ್ಟಾಫ್ ರೂಮಿನಲ್ಲಿ ಚಹಾ ಕುಡಿಯುತ್ತ ಕೂತಾಗ ಅವಳು ಮೆಲ್ಲಗೆ ಶುರು ಮಾಡಿದಳು.

“ಚೊಲೋ ಮಾತಾಡಿದಿ. ಆದ್ರೆ ಅಕ್ಕೋರು ಹಂಗೆ ಅಂದಿರಲಿಲ್ಲ.”

“ಯಾವುದು?”

“‘ಹುಡುಕ್ತಾ ಇರು’ ಅಂತ. ನಿನ್ನ ಹಿಂದೆ ನಂದೇ ಪಾಳಿ, ಅಲ್ಲೇ ಬಾಗಿಲ ಹತ್ರ ನಿಂತಿದ್ದೆ. ‘ಎಲ್ಲಾದ್ರೂ ಒಂದು ಕಡೆ ಕೂರು ಮಾರಾಯ, ಕೂತ್ರೆ ಬೇಸರ ತಾನೇ ರೂಢಿ ಆಗ್ತದೆ’ ಅಂದ್ರು. ನೀನು ಮುಖ ಊದಿಸ್ಕಂಡು ಹೋದಿ.”

ನಾನು ವಾದಕ್ಕೆ ಬಿದ್ದೆ. ಕದ್ದು ಕೇಳಿದವರ ನೆನಪು ಅರ್ಧಂಬರ್ಧ ಇರುತ್ತದೆ ಎಂದೆ. ಮನುಷ್ಯ ತನಗೆ ಅನುಕೂಲವಾದದ್ದನ್ನೇ ಸೇರಿಸಿಕೊಳ್ಳುತ್ತಾನೆ ಎಂದು ದೊಡ್ಡದಾಗಿ ಹೇಳಿ, ಅದು ಯಾರಿಗೆ ಅನ್ವಯಿಸುತ್ತದೆ ಎಂದು ಹೊಳೆದು ಚಹಾದ ಲೋಟ ಎತ್ತಿಕೊಂಡೆ.

“ಡಾಕ್ಟರಿಗೆ ಸುಳ್ಳು ಹೇಳೋರನ್ನ ದಿನಾ ನೋಡ್ತೀನಿ ಬಿಡು,” ಎಂದು ಅವಳು ನಕ್ಕಳು. ಆಮೇಲೆ ನಗು ನಿಲ್ಲಿಸಿ, ಅಕ್ಕೋರು ಕಳೆದ ಮಳೆಗಾಲದಲ್ಲಿ ತೀರಿಕೊಂಡರು ಎಂದಳು. ರಿಟೈರಾದಮೇಲೆ ಸೊರಬದಲ್ಲೇ ಇದ್ದರಂತೆ. ಇವಳು ಆಗಾಗ ಹೋಗಿ ಮಾತಾಡಿಸಿಕೊಂಡು ಬರುತ್ತಿದ್ದಳಂತೆ.

“ನಿನ್ನೂ ಕೇಳಿದ್ರು ಒಂದ್ಸಲ. ‘ಆ ಹುಡುಗ ಕೊನಿಗೆ ಎಲ್ಲಿ ಕೂತ?’ ಅಂದ್ರು. ಇನ್ನೂ ಕೂತಿಲ್ಲ ಅಕ್ಕೋರೆ, ತಿರುಗ್ತಾನೇ ಅದಾನೆ ಅಂದೆ.”

“ಅದಕ್ಕೆ ಏನಂದ್ರು?”

“ಏನೂ ಅನ್ನಲಿಲ್ಲ.”

“ನಕ್ಕರಾ?”

ರೇಣುಕಾ ಲೋಟ ಕೆಳಗಿಟ್ಟು ನಿಜವಾಗಿಯೂ ಯೋಚಿಸಿದಳು. ನಾನು ಅವಳ ಮುಖವನ್ನೇ ನೋಡುತ್ತ ಕೂತೆ.

“ನೆನಪಿಲ್ಲ ಕಣೋ,” ಎಂದಳು.

ವಾಪಸು ಹೊರಟ ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಅಕ್ಕೋರು ನಕ್ಕಿದ್ದರೆ ನನ್ನ ನೆನಪು ಸರಿಯಿರಬಹುದು, ನಗದೇ ಇದ್ದಿದ್ದರೆ ಅವಳದು... ಹೀಗೆ ಲೆಕ್ಕ ಹಾಕುತ್ತಾ ಹೋದೆ. ಎರಡರಲ್ಲಿ ಯಾವುದು ನಿಜವೆಂದು ಹೇಳಬಲ್ಲವರು ಒಬ್ಬರಿದ್ದರು. ಕಳೆದ ಮಳೆಗಾಲದವರೆಗೂ ಸೊರಬದಲ್ಲಿ, ಒಂದು ಬಸ್ಸಿನ ದೂರದಲ್ಲಿ, ಮನೆಯಲ್ಲೇ ಇದ್ದರು. ಹೋಗಿ ಕೇಳಬಹುದಿತ್ತು. ಕೇಳುವಂಥದ್ದು ಏನಾದರೂ ಇದೆ ಎಂದು ನನಗೆ ಒಮ್ಮೆಯೂ ಅನ್ನಿಸಿರಲಿಲ್ಲ.