ಹಳದಿ ಮಲ್ಲಿಗೆಯ ಗಾಬರಿ

ನಾನು ಹಳದಿ ಮಲ್ಲಿಗೆ ನೆಟ್ಟದ್ದು ಶುದ್ಧ ಜಂಬಕ್ಕೆ ಎಂದು ಮೊದಲೇ ಒಪ್ಪಿಕೊಳ್ಳುತ್ತೇನೆ. ಮಲ್ಲಿಗೆಯ ಚೆಂಡು ಮುಡಿಯದೆ ಹೆಂಗಸರು ಮದುವೆಗೆ ಹೊರಡದ ಈ ಮಂಗಳೂರಿನಲ್ಲಿ, ಪರಿಮಳವೇ ಇಲ್ಲದ ಹೂವನ್ನು ಮಲ್ಲಿಗೆ ಎಂದು ತೋರಿಸಲು ಸ್ವಲ್ಪ ಧೈರ್ಯವೂ ಬೇಕು. ಚೀನಾ ಮೂಲದ ಈ ಪೊದೆ ಯಾರದೋ ತೋಟದ ಅಂದಕ್ಕೆಂದು ಬಂದು, ಊಟಿಯ ಕಡೆ ಬೇಲಿ ದಾಟಿ ರಸ್ತೆ ಬದಿಯಲ್ಲೂ ತಾನಾಗಿ ಬೆಳೆದುಕೊಂಡಿದೆ. ಅಲ್ಲಿಂದ ತಂದ ಕಡ್ಡಿ ನಮ್ಮ ಕಾಟಿಪಳ್ಳದ ಸೆಕೆಗೆ ಮೂರು ವರ್ಷ ಬರೀ ಎಲೆ ಬಿಟ್ಟಿತು. ಈ ಜನವರಿಯಲ್ಲಿ ಹೂ ಬಿಟ್ಟಾಗ ಅಕ್ಕಪಕ್ಕದವರನ್ನೆಲ್ಲ ಕರೆದು ತೋರಿಸಿದೆ.

ಬಂದವರಲ್ಲಿ ಪಕ್ಕದ ಮನೆಯ ಮುಮ್ತಾಜ್ ಮತ್ತು ಅವಳ ನಾಲ್ಕು ವರ್ಷದ ಮಗಳು ಐಫಾ ಇದ್ದರು. ಐಫಾ ಎರಡು ಹೂ ಕಿತ್ತು ಬಾಯಿಗೆ ಹಾಕಿ ಜಗಿದಳು. ನಾವು ನಕ್ಕೆವು. ಅವರು ಮನೆಗೆ ಹೋದ ಮೇಲೆ ಹೂವಿನ ಬಗ್ಗೆ ಫೋನಿನಲ್ಲಿ ಹುಡುಕುತ್ತಿದ್ದ ನನಗೆ, ಹಳದಿ ಮಲ್ಲಿಗೆ ಬೇರಿನಿಂದ ಹೂವಿನವರೆಗೂ ವಿಷ ಎಂಬ ಸಾಲು ಕಂಡಿತು. ಮೂವತ್ತು ವರ್ಷ ಶಾಲೆಯಲ್ಲಿ ‘ಪ್ರಶ್ನೆ ಪೂರ್ತಿ ಓದಿ’ ಎಂದು ಮಕ್ಕಳನ್ನು ಗದರಿದವಳು ಎರಡನೆಯ ಸಾಲು ಓದದೆ, ಗಿಡದ ಒಂದು ಕೊಂಬೆ ಮುರಿದುಕೊಂಡು ಅವರ ಮನೆಗೆ ಓಡಿದೆ.

ವಿಷ ಎಂದು ಕೇಳಿದ್ದೇ ಮುಮ್ತಾಜ್ ಮಗುವನ್ನು ಎತ್ತಿಕೊಂಡಳು. ಅವಳ ಗಂಡ ಇರುವುದು ದುಬೈಯಲ್ಲಿ. ಅತ್ತಾವರದ ಆಸ್ಪತ್ರೆ ತಲುಪುವವರೆಗೂ ರಿಕ್ಷಾದಲ್ಲಿ ಅವಳ ಮುಖ ನೋಡುವ ಧೈರ್ಯ ನನಗಾಗಲಿಲ್ಲ.

ಡಾಕ್ಟರು ಮಗುವನ್ನು ಪರೀಕ್ಷಿಸಿ, ನನ್ನ ಕೊಂಬೆಯ ಫೋಟೋ ತೆಗೆದು, ಸಸ್ಯಶಾಸ್ತ್ರ ಕಲಿಸುವ ತಮ್ಮ ಪರಿಚಯದವರಿಗೆ ಕಳಿಸಿದರು. ಉತ್ತರ ಬರುವವರೆಗೆ ಐಫಾ ಬೆಂಚಿನ ಮೇಲೆ ಕೂತು ಕಾಲಾಡಿಸುತ್ತಿದ್ದಳು. ನಾನು ಆ ಗಿಡ ಕಡಿಯಲು ಕತ್ತಿ ಎಲ್ಲಿಟ್ಟಿದ್ದೇನೆ ಎಂದು ನೆನಪಿಸಿಕೊಳ್ಳುತ್ತಿದ್ದೆ.

“ಎಲೆ ಮೂರು ಮೂರು ಉಂಟಲ್ಲ, ಇದು ನಿಜವಾದ ಮಲ್ಲಿಗೆಯ ಜಾತಿಯೇ ಅಂತೆ,” ಎಂದರು ಡಾಕ್ಟರು. “ವಿಷದ್ದು ಬೇರೆ ಬಳ್ಳಿ, ಹೆಸರು ಮಾತ್ರ ಒಂದೇ. ಮಗುವಿಗೆ ಎಂತದೂ ಆಗುವುದಿಲ್ಲ.”

ಮುಮ್ತಾಜ್ ಆಗ ಅತ್ತಳು. ನಾನು ಅವಳ ಪಕ್ಕ ಕುಳಿತೆ. “ನಾಳೆಯೇ ಗಿಡ ಕಡಿಸ್ತೇನೆ,” ಎಂದೆ.

“ಎಂತಕ್ಕೆ ಟೀಚರ್? ಗಿಡ ಎಂತ ಮಾಡಿದೆ ಪಾಪ? ಹೆದರಿಸಿದ್ದು ನೀವಲ್ವಾ,” ಎಂದು ಅವಳು ಕಣ್ಣೊರೆಸಿಕೊಂಡು ನಕ್ಕಳು.

ಹೊರಗೆ ಬಂದಾಗ ಐಫಾ ಐಸ್‌ಕ್ರೀಮ್ ಕೇಳಿದಳು. ಮೂವರೂ ತಿಂದೆವು. ಸಕ್ಕರೆ ಕಾಯಿಲೆಯವಳಾದ ನಾನು ಐಸ್‌ಕ್ರೀಮ್ ಮುಟ್ಟದೆ ಐದು ವರ್ಷವಾಗಿತ್ತು. ಆ ಸಂಜೆ ಮಾತ್ರ, ಯಾವುದು ವಿಷ ಎಂದು ಯಾರನ್ನೂ ಕೇಳಲು ಹೋಗಲಿಲ್ಲ.