‘ಬಾ’ ಎಂದರೆ ಬರಬಾರದ ಊರು

ದೆವ್ವವನ್ನು ನಾನು ನಂಬುವುದಿಲ್ಲ. ರಾಹುಕಾಲದಲ್ಲಿ ಮನೆ ಬಿಟ್ಟು ಪರೀಕ್ಷೆ ಬರೆದು ಪಾಸಾದವಳು ನಾನು. ಬೆಕ್ಕು ಅಡ್ಡ ಬಂದಾಗ ಅಪಶಕುನವಾದದ್ದು ನಮಗೋ ಬೆಕ್ಕಿಗೋ ಎಂದು ಕೇಳಿ ಸೋದರತ್ತೆಯ ಬಾಯಿ ಮುಚ್ಚಿಸಿದವಳು. ಇಂಥ ನಾನು, ನೀವು ಯಾರ ಹತ್ತಿರವೂ ಆಡುವುದಿಲ್ಲವೆಂದರೆ ಹೇಳುತ್ತೇನೆ, ಮೊಪೆಡ್ಡಿಗೆ ಹೆದರುತ್ತೇನೆ.

ರಸ್ತೆಯ ಮೇಲಿನ ಮೊಪೆಡ್ಡಿಗಲ್ಲ. ಅದು ರಸ್ತೆಯಲ್ಲಿದ್ದಾಗ ಲಾರಿಗೆ, ಬಸ್ಸಿಗೆ, ಎಮ್ಮೆಗೆ ತಾನೇ ಹೆದರಿಕೊಂಡು ಅಂಚು ಹಿಡಿದು ಹೋಗುವ ಬಡ ಪ್ರಾಣಿ. ನನ್ನ ಹೆದರಿಕೆ ಉದ್ಯಾನದೊಳಗೆ ಬಂದ ಮೊಪೆಡ್ಡಿಗೆ. ಮಲ್ಲಿಗೆ ಬಳ್ಳಿಯ ಆಚೆ ಎಲ್ಲೋ ‘ಡುರ್ರ್’ ಎನ್ನುತ್ತದೆ. ದುಂಬಿಯೋ ಏನೋ ಎಂದುಕೊಳ್ಳುವಷ್ಟರಲ್ಲಿ ತಿರುವಿನಲ್ಲಿ ಅದರ ಕಣ್ಣು ಕಾಣುತ್ತದೆ. ಅದರ ಮೇಲೆ ಮೀಸೆ ಇನ್ನೂ ತೀರ್ಮಾನವಾಗದ ಒಂದು ಮುಖ, ಹಿಂದೆ ಅಂಥದೇ ಇನ್ನೊಂದು. ರಸ್ತೆಯಲ್ಲಿ ನಾವು ಎಚ್ಚರವಾಗಿರುತ್ತೇವೆ. ಉದ್ಯಾನಕ್ಕೆ ಬರುವುದೇ ಎಚ್ಚರವನ್ನು ಗೇಟಿನ ಹೊರಗೆ ಕಳಚಿಡುವುದಕ್ಕಾಗಿ. ಆಲಂಕಾರಿಕರು ಭಯಾನಕ ರಸಕ್ಕೆ ಕಪ್ಪು ಬಣ್ಣ ಕೊಟ್ಟಿದ್ದಾರೆ. ಅವರು ಗುಜರಾತಿನ ನಮ್ಮ ಬಡೋದೆಗೆ ಬಂದಿದ್ದರೆ ತಿಳಿನೀಲಿ ಕೊಡುತ್ತಿದ್ದರು, ಮುಂದೊಂದು ತಂತಿಯ ಬುಟ್ಟಿ ಸಮೇತ.

ಅಪ್ಪನಿಗೆ ಬ್ಯಾಂಕಿನಿಂದ ಇಲ್ಲಿಗೆ ವರ್ಗವಾಗಿ, ಅಲ್ಕಾಪುರಿಯಲ್ಲಿ ನಾವು ಮನೆ ಹಿಡಿದಾಗ, ಎದುರಿನ ಉದ್ಯಾನವನ್ನು ತೋರಿಸಿಯೇ ಮನೆಯೊಡೆಯ ಬಾಡಿಗೆ ಏರಿಸಿದ್ದು. ಉದ್ಯಾನದ ಗೇಟಿನಲ್ಲಿ ಒಂದು ಬೋರ್ಡಿದೆ: ವಾಹನಗಳಿಗೆ ಪ್ರವೇಶವಿಲ್ಲ. ಸೈಕಲ್ಲನ್ನು ಮಾತ್ರ ಒಳಗೆ ಬಿಡುವ ವಾಡಿಕೆ. ಬೋರ್ಡಿನ ಕೆಳಗೆ ಸ್ಟೂಲಿನ ಮೇಲೆ ಚೌಕಿದಾರ ರಣಛೋಡ್‌ಭಾಯಿ. ಹುಡುಗರು ಗೇಟಿನಿಂದ ಸ್ವಲ್ಪ ದೂರದಲ್ಲೇ ಎಂಜಿನ್ ಆರಿಸುತ್ತಾರೆ. ಮೊಪೆಡ್ಡಿಗೆ ಪೆಡಲ್ ಇರುತ್ತದಲ್ಲ, ಅದನ್ನು ತುಳಿಯುತ್ತ, ಭಜನೆಗೆ ಹೊರಟವರಂಥ ಮುಖ ಮಾಡಿಕೊಂಡು ಅವನ ಮುಂದೆಯೇ ಒಳಗೆ ಹೋಗುತ್ತಾರೆ. ಬೇವಿನ ಮರ ದಾಟಿದ ಮೇಲೆ, ‘ಡುರ್ರ್.’

ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ನಾನು ಕಲಿತ ಮೊದಲ ಪಾಠ, ವಾದಕ್ಕೆ ಮುಂಚೆ ಪದದ ಅರ್ಥವನ್ನು ಗೊತ್ತುಮಾಡಿಕೊಳ್ಳಬೇಕು ಎಂಬುದು. ರಣಛೋಡ್‌ಭಾಯಿಯ ಮುಂದೆ ಅದನ್ನು ಪ್ರಯೋಗಿಸಿದೆ. ವಾಹನ ಅಂದರೇನು?

“ಪೆಡಲ್ ಛೇ ನೇ, ಬೆನ್?” ಎಂದ ಅವನು. ಪೆಡಲ್ ಇದೆ ತಾನೆ, ತಂಗಿ? “ತೋ ಸೈಕಲ್.”

“ಎಂಜಿನ್ನೂ ಇದೆಯಲ್ಲ?”

“ಇಲ್ಲಿ ಬರುವಾಗ ಎಂಜಿನ್ ಮಲಗಿರುತ್ತದೆ, ಬೆನ್. ಮಲಗಿದವರನ್ನು ಎಬ್ಬಿಸಿ ಯಾರು ಏನೆಂದು ಕೇಳುವುದು ಪಾಪ.”

ಇದಕ್ಕೆ ಉತ್ತರ ನನಗೆ ಆ ದಿನ ಹೊಳೆಯಲಿಲ್ಲ. ಸ್ಪರ್ಧೆಗೆಂದು ಅಹಮದಾಬಾದಿಗೆ ಹೋದಾಗ ನವರಂಗಪುರದ ಒಂದು ತೋಟದಲ್ಲಿ ಕೂತು ಉತ್ತರ ಯೋಚಿಸೋಣವೆಂದರೆ ಅಲ್ಲೂ ಬೆನ್ನ ಹಿಂದೆ ಅದೇ ದುಂಬಿ. ಸೂರತ್ತಿನಲ್ಲಿ ತಾಪಿ ನದಿಯ ಆಚೆ ಅಡಾಜಣದಲ್ಲಿ ಚಿಕ್ಕಪ್ಪನಿದ್ದಾನೆ; ಅಲ್ಲಿ ಉದ್ಯಾನವೆಂದರೆ ಇನ್ನೂ ನಾಲ್ಕು ಸಸಿ, ಒಂದು ಬೇಲಿ. ಆದರೆ ಮೊಪೆಡ್ಡು ಆಗಲೇ ಬಂದಿತ್ತು. ಮರಗಳು ನಿಧಾನವಾಗಿ ಬರಲಿ ಎಂದು ಅದು ಕಾದಿರಲಿಲ್ಲ.

ನನ್ನ ಒಬ್ಬಳ ಹೆದರಿಕೆಯಾಗಿದ್ದರೆ ವ್ಯಂಗ್ಯ ಮಾಡಿ ಕಳೆಯುತ್ತಿದ್ದೆ. ಆದರೆ ದೀಪಾವಳಿ ಮುಗಿಸಿಕೊಂಡು ತುಮಕೂರಿನಿಂದ ಅಜ್ಜಿ ಬಂದಳು. ಗುಜರಾತಿಯ ಒಂದು ಅಕ್ಷರ ತಿಳಿಯದ ಅಜ್ಜಿಗೆ ಮನೆಯೊಳಗೆ ಮಾತನಾಡಲು ನಾವು ಮೂವರು. ಅದರಲ್ಲಿ ಅಪ್ಪ, ನಾನು ಹಗಲು ಮನೆಯಲ್ಲಿರುವುದಿಲ್ಲ, ನನ್ನ ತಮ್ಮನಿಗೆ ಕನ್ನಡದಲ್ಲಿ ಹಸಿವಾಗುತ್ತದೆಯೇ ಹೊರತು ಬೇರೇನೂ ಬರುವುದಿಲ್ಲ. ಸಂಜೆಯ ಉದ್ಯಾನವೊಂದೇ ಅವಳ ಲೋಕ. ವೃತ್ತಾಕಾರದ ಆ ದಾರಿಯನ್ನು ಸುತ್ತಿ ಬಂದು, ಹೊಂಗೆಯ ಕೆಳಗಿನ ಬೆಂಚಿನಲ್ಲಿ ಕೂತು, ಊರನ್ನು ವಿಮರ್ಶೆ ಮಾಡುತ್ತಿದ್ದಳು.

“ಪಕ್ಕದ ಮನೆಯವಳದ್ದು ಏನೇ ಕಲ್ಲು ಮನಸ್ಸು!” ಎಂದಳು ಒಂದು ದಿನ. “ಆ ಮಗ ಬೆಳಗಾಗೆದ್ದು ಬಾ ಬಾ ಅಂತ ಬಡ್ಕೋತಾನೆ. ಇವಳು ಒಲೆ ಮುಂದಿಂದ ಅಲ್ಲಾಡೋದಿಲ್ಲ. ಹೆತ್ತ ಮಗ ಕರೆದ್ರೆ ಎದ್ದು ಹೋಗಬಾರದಾ?”

ನಾನು ಮರುದಿನದ ಭಾಷಣವನ್ನು ಮನಸ್ಸಿನಲ್ಲಿ ಉರು ಹೊಡೆಯುತ್ತ “ಹೂಂ” ಎಂದೆ.

ಮುಂದಿನ ವಾರ ಒಂದು ಸಂಜೆ ರಣಛೋಡ್‌ಭಾಯಿಯ ನಿದ್ರಾಸಿದ್ಧಾಂತಕ್ಕೆ ಉತ್ತರ ಸಿಕ್ಕಿತು. ಅಜ್ಜಿಯನ್ನು ಮುಂದೆ ಕಳಿಸಿ ಗೇಟಿನಲ್ಲೇ ನಿಂತೆ. ಮಲಗಿದ ಹುಲಿಯನ್ನು ಬೆಕ್ಕೆಂದು ಒಳಗೆ ಬಿಡುತ್ತೀರಾ ಎಂದು ಶುರುಮಾಡಿ, ಅವನು ತಲೆ ಕೆರೆದುಕೊಳ್ಳುವ ಘಟ್ಟಕ್ಕೆ ತಂದಿದ್ದೆ. ಆಗ ಹುಲ್ಲುಹಾಸಿನ ಆಚೆಯಿಂದ ‘ಡುರ್ರ್’ ಕೇಳಿಸಿತು. ಅದರ ಮೇಲೆ ಒಡೆದ ಗಂಟಲಿನ ಒಂದು ಕೂಗು: “ಏ ಬಾ! ಬಾ! ಬಾ!”

ತಿರುಗಿ ನೋಡಿದೆ. ದಾರಿಯ ನಟ್ಟನಡುವೆ ಅಜ್ಜಿ. ಎದುರಿನಿಂದ ನೀಲಿ ಮೊಪೆಡ್ಡು. ಬೇರೆ ಯಾರಾದರೂ ಪಕ್ಕಕ್ಕೆ ಹಾರುತ್ತಿದ್ದರು. ಅಜ್ಜಿ ನಿಂತಳು, ಕನ್ನಡಕ ಸರಿಮಾಡಿಕೊಂಡಳು, ಮುಖ ಅರಳಿತು. ಕೈ ಮುಂದೆ ಚಾಚಿಕೊಂಡು, ನೆರಿಗೆ ಒಂದಿಷ್ಟು ಎತ್ತಿ ಹಿಡಿದು, ಮೊಪೆಡ್ಡಿನ ಕಡೆಗೇ ಬಿರಬಿರನೆ ನಡೆದಳು.

ಸಭೆ ಎಷ್ಟು ದೊಡ್ಡದಿದ್ದರೂ ನನ್ನ ನಾಲಗೆ ತಡವರಿಸಿದ್ದಿಲ್ಲ. ಆಗ ಬಾಯಿ ತೆರೆದರೆ ‘ಅಜ್ಜೀ’ ಎಂಬುದೂ ಪೂರ್ತಿಯಾಗಿ ಹೊರಡಲಿಲ್ಲ. ಹುಲ್ಲುಹಾಸು ದಾಟಿ ಓಡಿದೆನಂತೆ, ಒಂದು ಚಪ್ಪಲಿ ರಣಛೋಡ್‌ಭಾಯಿಯ ಹತ್ತಿರವೇ ಬಿಟ್ಟು, ನನಗೆ ನೆನಪಿಲ್ಲ. ನೆನಪಿರುವುದು ಆ ಚಾಚಿದ ಕೈ ಮತ್ತು ಅದರ ಎರಡು ಹಸಿರು ಬಳೆ. ಮೊಪೆಡ್ಡು ಆ ಬಳೆಗಳ ಹತ್ತಿರ ಬಂದು, ಓಲಾಡಿ, ಪಕ್ಕಕ್ಕೆ ಹೊರಳಿ, ಕಾಬಾಳೆ ಹೂವಿನ ಪಾತಿಯೊಳಗೆ ಬಿತ್ತು.

ನಾನು ತಲುಪುವ ಹೊತ್ತಿಗೆ ಅಜ್ಜಿ ಪಾತಿಯ ಅಂಚಿನಲ್ಲಿ ಕೂತು ಹುಡುಗನ ಮೊಣಕಾಲಿನ ಮಣ್ಣನ್ನು ಸೆರಗಿನಿಂದ ಒರೆಸುತ್ತಿದ್ದಳು. ಅವನ ಹೆಸರು ಕೇತನ್ ಎಂದು ಆಮೇಲೆ ತಿಳಿಯಿತು. ಪ್ಯಾಂಟು ಹರಿದಿತ್ತು. “ಬೆನ್, ನಾನು ಕೂಗಿದೆ, ದೇವರಾಣೆ ಕೂಗಿದೆ!” ಎಂದು ಗುಜರಾತಿಯಲ್ಲಿ ಗೋಳಾಡಿದ. “ಬಾ ತೋ ಸಾಮೇ ಆವ್ಯಾ!” ಬಾ ನನ್ನ ಎದುರಿಗೇ ಬಂದುಬಿಟ್ಟರು!

“ಏನಂತೇ ಅವನು?” ಎಂದಳು ಅಜ್ಜಿ. “ಪಾಪ, ಅಲ್ಲಿಂದ ಬಾ ಬಾ ಅಂತ ಕರೀತಾ ಬಂತು ಮಗು. ಏನು ತೊಂದ್ರೆಯೋ ಅನ್ಕೊಂಡು ಹೋದೆ. ಬಂದ್ರೆ ತಾನೇ ಬಿತ್ತು.”

ಆಗ ನನಗೆ ಅರ್ಥವಾಯಿತು. ಗುಜರಾತಿಯಲ್ಲಿ ‘ಬಾ’ ಎಂದರೆ ಅಮ್ಮ. ವಯಸ್ಸಾದ ಯಾವ ಹೆಂಗಸನ್ನಾದರೂ ಹುಡುಗರು ಕರೆಯುವುದು ಹಾಗೇ. ಕೇತನ್ ಕೂಗಿದ್ದು ‘ಅಮ್ಮಾ, ದಾರಿ ಬಿಡಿ’ ಎಂದು. ಅಜ್ಜಿಗೆ ಕೇಳಿಸಿದ್ದು ತುಮಕೂರಿನ ಬಾ. ಪದದ ಅರ್ಥವನ್ನು ಗೊತ್ತುಮಾಡಿಕೊಳ್ಳದ ವಾದ ಹೆಚ್ಚೆಂದರೆ ಬಹುಮಾನ ಕಳೆಯುತ್ತದೆ ಎಂದುಕೊಂಡಿದ್ದೆ. ಪ್ರಾಣವನ್ನೂ ಕಳೆಯಬಹುದಿತ್ತು.

ಮನೆಯಲ್ಲಿ ಅಪ್ಪ ಒಂದೇ ಮಾತಿನಲ್ಲಿ ತೀರ್ಪು ಕೊಟ್ಟರು. “ನಾಳೆಯಿಂದ ಪಾರ್ಕು ಬೇಡಮ್ಮ. ಬಾಲ್ಕನಿಯಲ್ಲಿ ಕೂತ್ಕೋ.”

“ಹಾಗಾದ್ರೆ ನನ್ನ ರೈಲು ಹತ್ತಿಸಿಬಿಡು,” ಎಂದಳು ಅಜ್ಜಿ, ಅಷ್ಟೇ ತಣ್ಣಗೆ. “ಬಾಲ್ಕನಿಯಲ್ಲಿ ಕೂರೋಕೆ ನಾನೇನು ತುಳಸಿ ಗಿಡವೇ? ಅಲ್ಲಾ, ಈ ಊರಿಗೆ ಬಂದ ಮೇಲೆ ಯಾರಾದ್ರೂ ನನ್ನ ಬಾ ಅಂದದ್ದು ಇವತ್ತೇ. ಹೋಗಿದ್ದು ತಪ್ಪಾ?”

ಅಪ್ಪ ಪೇಪರಿನ ಹಿಂದೆ ಹೋದರು. ಉಳಿದದ್ದು ನಾನು. ಅಜ್ಜಿ ಹೊರಟುಬಿಡುತ್ತಾಳೆ ಎಂಬ ಹೆದರಿಕೆ ಒಂದು ಕಡೆ, ಉಳಿದು ಮತ್ತೆ ಕೈ ಚಾಚುತ್ತಾಳೆ ಎಂಬುದು ಇನ್ನೊಂದು ಕಡೆ. ಅವಳಿಗೆ ವ್ಯಾಕರಣ ಹೇಳಲು ಕೂತೆ.

“ಅಜ್ಜಿ, ಇಲ್ಲಿ ಬಾ ಅಂದ್ರೆ ಬಾ ಅಂತಲ್ಲ. ಅಮ್ಮ ಅಂತ.”

“ಅಮ್ಮಾ ಅಂತ ಕರೆದ್ರೂ ಹೋಗಬೇಕಲ್ಲೇ,” ಎಂದಳು ಅಜ್ಜಿ.

ನನ್ನ ಎದುರಾಳಿಗಳಲ್ಲಿ ಯಾರೂ ನನ್ನನ್ನು ಇಷ್ಟು ಕಡಿಮೆ ಮಾತಿನಲ್ಲಿ ಮುಗಿಸಿರಲಿಲ್ಲ. ಒಂದು ಆಯುಷ್ಯದ ಬಾ ಅವಳ ಕಾಲಿನಲ್ಲಿ ಕೂತಿದೆ; ತಲೆ ಒಪ್ಪಿದರೂ ಕಾಲು ಒಪ್ಪುವುದಿಲ್ಲ. ತಿದ್ದುವುದಾದರೆ ಹುಡುಗರ ಕೂಗನ್ನೇ ತಿದ್ದಬೇಕು. ಮರುದಿನ ಒಬ್ಬಳೇ ಹೋಗಿ ಬೇವಿನ ಮರದ ಹತ್ತಿರ ಕೇತನ್‌ನನ್ನು ಹಿಡಿದೆ. ಮೊಣಕಾಲಿಗೆ ಪಟ್ಟಿ, ಮೊಪೆಡ್ಡಿನ ಬುಟ್ಟಿ ನೆಗ್ಗಿತ್ತು. ನನ್ನನ್ನು ಕಂಡು ಅವನಿಗೇ ಹೆದರಿಕೆ. ಉದ್ಯಾನಕ್ಕೆ ತರಬೇಡ ಎಂದು ವಾದಿಸಿದೆ. ರಸ್ತೆಯಲ್ಲಿ ಲಾರಿಗಳಿರುತ್ತವೆ, ಕಲಿಯುವ ತನಕ ಮಮ್ಮಿ ರಸ್ತೆಗೆ ಬಿಡುವುದಿಲ್ಲ ಎಂದ. ವಾದವೇನೋ ಗಟ್ಟಿಯಾಗಿತ್ತು. ಕೊನೆಗೆ ರಾಜಿಗೆ ಬಂದೆ: ನಮ್ಮ ಅಜ್ಜಿ ಎದುರಾದರೆ ‘ಹೋಗಿ’ ಎಂದು ಕೂಗಬೇಕು, ಕನ್ನಡದಲ್ಲಿ ಸರಿಯಿರಿ ಎಂದ ಹಾಗೆ.

“ಹೋಗಿ,” ಎಂದ. “ಹೋಗಿ. ಹೋಗಿ. ಸಹೇಲುಂ ಛೇ, ಬೆನ್.” ಸುಲಭವಂತೆ.

ನಾನು ಕೈ ಹಿಡಿದುಕೊಂಡೇ ನಡೆಸುತ್ತೇನೆಂಬ ಷರತ್ತಿನ ಮೇಲೆ ಅಪ್ಪ ಒಪ್ಪಿದರು. ಮೊದಲ ದಿನ ಹಿಡಿದ ಕೈಯಲ್ಲಿ ಬೆವರಿದ್ದದ್ದು ನನ್ನದು. ಹೊಂಗೆಯ ತಿರುವಿನಲ್ಲಿ ‘ಡುರ್ರ್’ ಎಂದಿತು. ನೆಗ್ಗಿದ ಬುಟ್ಟಿ ಕಾಣಿಸಿತು. ಕೇತನ್ ಎದೆ ಉಬ್ಬಿಸಿ, ಕಲಿತದ್ದನ್ನು ಪೂರ್ತಿ ಗಂಟಲಿನಲ್ಲಿ ಕೂಗಿದ:

“ಹೋಗೀ, ಬಾ!”

ಕೆಟ್ಟೆನಲ್ಲ ಎಂದುಕೊಂಡೆ. ಹಿರಿಯ ಹೆಂಗಸನ್ನು ಸಂಬೋಧನೆಯಿಲ್ಲದೆ ಬರಿದೇ ಹೋಗಿ ಎನ್ನಲು ಆ ಒಳ್ಳೆಯ ಮನೆತನದ ಹುಡುಗನ ನಾಲಗೆ ಏಳಲಿಲ್ಲ. ಕೊನೆಗೊಂದು ಬಾ ಸೇರಿಸಿಬಿಟ್ಟಿದ್ದ. ಹೋಗೆಂದದ್ದು ಕ್ಷೇಮ, ಬಾ ಎಂದದ್ದು ಅಪಾಯ. ಅಜ್ಜಿ ಎರಡನ್ನೂ ಪಾಲಿಸಿದರೆ? ಅಜ್ಜಿ ಹುಲ್ಲಿನ ಮೇಲೆ ಸರಿದು ನಿಂತಳು. ಮನೆಯಿಂದ ಹೊರಟವಳನ್ನು ಯಾರೋ ಬಾಗಿಲ ತನಕ ಬಂದು ಕಳಿಸಿಕೊಟ್ಟ ಹಾಗೆ ಅವಳ ಮುಖವಾಗಿತ್ತು.

“ಬರ್ತೀನಪ್ಪ,” ಎಂದಳು. “ನೀನೂ ಹೋಗಿ ಬಾ.”

ಮೊಪೆಡ್ಡು ದಾಟಿತು. ನಡೆ ಎಂದರೆ ಅಜ್ಜಿ ಅಲ್ಲಾಡಲಿಲ್ಲ. “ತಾಳೇ. ಹೋಗಿ ಬಾ ಅಂದಿದೀನಿ. ಬರಲಿ.”

ಈಗ ಇದೇ ಪದ್ಧತಿ. ದಾರಿ ವೃತ್ತವಾದ್ದರಿಂದ ಹೋದವನು ಬರಲೇಬೇಕು. ಅವನು ಬರುವ ತನಕ ನಾವು ಹುಲ್ಲಿನ ಮೇಲೆ. ಇದರಿಂದ ನನ್ನ ಹೆದರಿಕೆ ಹೋಯಿತೆಂದು ತಿಳಿಯಬೇಡಿ. ಜಾಗ ಬದಲಾಯಿಸಿತು, ಅಷ್ಟೇ. ಮೊದಲು ಸದ್ದು ಹತ್ತಿರ ಬಂದರೆ ಎದೆ ಹೊಡೆದುಕೊಳ್ಳುತ್ತಿತ್ತು. ನಿನ್ನೆ ಸಂಜೆ ಸದ್ದು ಬೇವಿನ ಮರದ ಆಚೆ ಹೋಗಿ ಥಟ್ಟನೆ ನಿಂತುಹೋಯಿತು. ಗಿಳಿಗಳು ಕಿರುಚುತ್ತಿದ್ದುದು ಬಿಟ್ಟರೆ ಏನೂ ಇಲ್ಲ. ಅಜ್ಜಿ ನನ್ನ ಮಣಿಕಟ್ಟು ಹಿಡಿದಳು. ಆ ಹುಡುಗನಿಗೆ ಮೀಸೆಯೂ ಇಲ್ಲ, ಹೆಲ್ಮೆಟ್ಟೂ ಇಲ್ಲ ಎಂಬುದು ನನ್ನ ಯಾವ ವಾದದಲ್ಲೂ ಬಂದಿರಲಿಲ್ಲ. ಆಚೆ ಕೆರೆಕಟ್ಟೆಯ ಮೆಟ್ಟಿಲುಗಳಿವೆ. ಆಮೇಲೆ ಗೇಟು, ಗೇಟಿನ ಆಚೆ ಲಾರಿಗಳು.

ಬಹಳ ಹೊತ್ತಿನ ಮೇಲೆ ‘ಕಿರ್ರ್ ಕಿರ್ರ್’ ಎಂದು ಕೇಳಿಸಿತು. ಕೇತನ್ ಬೆವರಿಳಿಸುತ್ತ, ಸೀಟಿನಿಂದ ಎದ್ದೆದ್ದು ಪೆಡಲ್ ತುಳಿಯುತ್ತ ತಿರುವಿನಲ್ಲಿ ಬಂದ. “ಪೆಟ್ರೋಲ್ ಖಲಾಸ್, ಬಾ!” ಎಂದು ಏದುಸಿರಿನಲ್ಲಿ ನಕ್ಕ.

“ಬಂದ,” ಎಂದಳು ಅಜ್ಜಿ, ನನ್ನ ಕೈ ಬಿಟ್ಟು. “ಇನ್ನು ನಡಿ.”

ಹೊರಬರುವಾಗ ರಣಛೋಡ್‌ಭಾಯಿ ಸ್ಟೂಲಿನಿಂದ ನನ್ನನ್ನೇ ನೋಡುತ್ತಿದ್ದ. ನಾನು ಅವನು ಕೇಳುವ ಮೊದಲೇ ಒಪ್ಪಿಕೊಂಡೆ.

“ಹೌದು ಭಾಯಿ, ಸೈಕಲ್.”